ಗುಡ್ಡಕ್ಕೆ ಗೆರೆ ಕೊಟ್ಟವರು

ಏಪ್ರಿಲ್ 10 ರಾಷ್ಟ್ರೀಯ ಭೂಮಾಪನ ದಿನ. 1802ರ ಅದೇ ದಿನ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ವಿಲಿಯಂ ಲ್ಯಾಂಬ್ಟನ್ನರು ತಮ್ಮ ಮಹಾಮಾಪನದ ಆಧಾರರೇಖೆಯನ್ನು ಅಳೆಯಲು ತೊಡಗಿದರು. ಸಕಲೇಶಪುರ, ಆಲೂರು ಸೀಮೆಯಲ್ಲಿ ಸರಪಳಿ ಹಿಡಿದವರು, ಟಿಪ್ಪಣಿ ಬರೆದವರು, ನಕ್ಷೆ ಬಿಡಿಸಿದವರು, ಹಾಗೂ ಅವರ ಮಕ್ಕಳು ಮೊಮ್ಮಕ್ಕಳು ಸೇರಿ ಈ ಸಂಚಿಕೆಯನ್ನು ಹೊರತರುತ್ತಿದ್ದೇವೆ. ನಮ್ಮ ವೃತ್ತಿಯ ಚರಿತ್ರೆಯನ್ನು ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ. ಬದುಕೆಲ್ಲ ಮಸಿ ಮತ್ತು ನಿಬ್ಬಿನ ನಡುವೆ ಕಳೆದವನು ನಾನು. ಮಾತು ಗೆರೆಯಷ್ಟು ನೇರವಾಗಿ ಬಾರದಿದ್ದರೆ ಹಿರಿಯರು ಮನ್ನಿಸಬೇಕು.

ನಮ್ಮ ಸೀಮೆಗೆ ಒಂದು ವಿಶೇಷ ಭಾಗ್ಯವಿದೆ. ಭಾರತೀಯ ಸರ್ವೇಕ್ಷಣ ಇಲಾಖೆಯ 48 ಪಿ/13 ಎಂಬ ಒಂದೇ ಹಾಳೆಯಲ್ಲಿ ಸಕಲೇಶಪುರವೂ ಇದೆ, ಆಲೂರೂ ಇದೆ. ಮಂಜರಾಬಾದ್ ಕೋಟೆ ಹಾಳೆಯ ಎಡ ಅಂಚಿಗೆ ಆತುಕೊಂಡು ನಿಂತಿದೆ. ಆಲೂರು ಬಲಗಡೆ ಮೇಲ್ಮೂಲೆಯಲ್ಲಿ, ಇನ್ನೊಂದು ಬೆರಳು ಆಚೆ ಸರಿದರೆ ಪಕ್ಕದ ಹಾಳೆಗೆ ಜಾರಿಬಿಡುತ್ತಿತ್ತು. ಬಿಸಿಲೆಯವರು ನಮ್ಮ ಹಾಳೆಯಲ್ಲಿಲ್ಲ, ಆದರೆ ನಮ್ಮ ಬಳಗದಲ್ಲಿದ್ದಾರೆ. ಒಂದೂವರೆ ಅಡಿ ಚಿಲ್ಲರೆಯ ಈ ಕಾಗದದ ಮೇಲೆ ಸುತ್ತಿಕೊಂಡಿರುವ ಕಂದು ಗೆರೆಗಳನ್ನು ನೋಡಿ ಹೊಸಬರು ಮರದ ಸುತ್ತುಗಳೆಂದು ಭಾವಿಸುವುದುಂಟು. ಅದು ಗುಡ್ಡದ ಚಿತ್ರ. ಗುಡ್ಡವನ್ನು ಹೀಗೆ ಬರೆಯಲು ಮನುಷ್ಯ ಎಲ್ಲಿ ಕಲಿತ ಎಂದು ಕೇಳಿದರೆ, ಒಂದೂ ಗುಡ್ಡವಿಲ್ಲದ ದೇಶದಿಂದ ಕಥೆ ಶುರುಮಾಡಬೇಕಾಗುತ್ತದೆ.

ಆ ದೇಶ ಹಾಲೆಂಡ್. ಹದಿನೇಳನೆಯ ಶತಮಾನದ ಮೊದಲ ವರ್ಷಗಳು. ಸ್ಪೇನಿನ ಅರಸನ ವಿರುದ್ಧ ಯುದ್ಧ ನಡೆದೇ ಇತ್ತು. ಒಂದು ಕಡೆ ಶತ್ರು, ಇನ್ನೊಂದು ಕಡೆ ಸಮುದ್ರ. ನೆಲದ ಎಷ್ಟೋ ಭಾಗ ಅಲೆಗಳ ಮಟ್ಟಕ್ಕಿಂತ ತಗ್ಗು. 1600ರಲ್ಲಿ ರಾಜಕುಮಾರ ಮೌರಿಸ್ ಲೈಡನ್ ನಗರದಲ್ಲಿ ಭೂಮಾಪಕರಿಗೂ ಕೋಟೆ ಕಟ್ಟುವ ಎಂಜಿನಿಯರುಗಳಿಗೂ ಒಂದು ಶಾಲೆ ತೆರೆಸಿದ. ಪಾಠಕ್ರಮ ರೂಪಿಸಿದವನು ಸೈಮನ್ ಸ್ಟೆವಿನ್. ಲ್ಯಾಟಿನ್ ಬಲ್ಲವರಷ್ಟೇ ವಿದ್ಯಾವಂತರೆನಿಸಿದ್ದ ಆ ಕಾಲದಲ್ಲಿ, ಈ ಶಾಲೆಯ ಪಾಠ ನಡೆಯಬೇಕಾದದ್ದು ಬಡಗಿಗೂ ಗಾರೆಯವನಿಗೂ ತಿಳಿಯುವ ಡಚ್ ಮಾತಿನಲ್ಲಿ ಎಂದು ಅವನು ಗೊತ್ತುಮಾಡಿದ. ಗಣಿತಕ್ಕೆ ಅವನು ತನ್ನ ಭಾಷೆಯಲ್ಲೇ ಟಂಕಿಸಿದ ಪದ ಇಂದಿಗೂ ಅಲ್ಲಿ ಬಳಕೆಯಲ್ಲಿದೆ. ಅಲ್ಲಿ ಪಾಠ ಹೇಳಿದವರಲ್ಲಿ ಒಬ್ಬ ಲುಡಾಲ್ಫ್ ವಾನ್ ಕೋಲೆನ್; ವೃತ್ತದ ಪರಿಧಿ-ವ್ಯಾಸದ ಲೆಕ್ಕವನ್ನು 35 ದಶಮಾಂಶ ಸ್ಥಾನಗಳವರೆಗೆ ತೆಗೆದ ಮಹಾನುಭಾವ. ಕನ್ನಡದಲ್ಲಿ ಆಕಾರಬಂದ್ ಬರೆದ ನಮ್ಮಂಥವರು ಆ ಶಾಲೆಗೆ ಒಂದು ನಮಸ್ಕಾರ ಸಲ್ಲಿಸುವುದು ನ್ಯಾಯ.

ಶಾಲೆ ತೆರೆದ ಸುಮಾರಿಗೇ, ಅಲ್ಲಿಂದ ತುಸು ದೂರದ ಹಾರ್ಲೆಮ್ ಊರಿನಲ್ಲಿ ಹೆಂಡ್ರಿಕ್ ಗೋಲ್ಟ್ಸಿಯಸ್ ಎಂಬ ಕಲಾವಿದ ಊರಾಚೆಯ ಮರಳುದಿಬ್ಬ ಹತ್ತಿ ಕುಳಿತು, ಕೆಳಗೆ ಕಂಡ ಹೊಲ, ಬೇಲಿ, ಮರದ ಸಾಲು, ದೂರದ ಚರ್ಚಿನ ಗೋಪುರ ಇವನ್ನು ಪೆನ್ನಿನಲ್ಲಿ ಬಿಡಿಸತೊಡಗಿದ. ಬಾಲ್ಯದಲ್ಲಿ ಬೆಂಕಿಗೆ ಸಿಕ್ಕಿ ಸೊಟ್ಟಗಾಗಿದ್ದ ಬಲಗೈ ಅದು. ದೇವರಿಲ್ಲ, ಸಂತರಿಲ್ಲ, ರಾಜನ ಮೆರವಣಿಗೆಯೂ ಇಲ್ಲ, ಬರಿಯ ನೆಲ. ಅಂಥ ಚಿತ್ರ ಅದುವರೆಗೆ ಅಪರೂಪ. ಮುಂದಿನ ಐವತ್ತು ವರ್ಷಗಳಲ್ಲಿ ಅದೇ ಆ ನಾಡಿನ ಗುರುತಾಯಿತು. ಕ್ಲಾಸ್ ವಿಸ್ಖರ್ ಹಾರ್ಲೆಮ್ ಸುತ್ತಲಿನ ನೋಟಗಳನ್ನು ಮುದ್ರಿಸಿ ಅಗ್ಗದಲ್ಲಿ ಮಾರಿದ. ಯಾನ್ ವಾನ್ ಖೋಯೆನ್ ಕೈಪುಸ್ತಕ ಹಿಡಿದು ಊರೂರು ತಿರುಗಿ ಕಪ್ಪು ಸೀಮೆಸುಣ್ಣದಲ್ಲಿ ದೋಣಿ, ಸೇತುವೆ, ನದಿದಂಡೆ ಬರೆದ. ರೆಂಬ್ರಾಂಟ್ ಆಮ್‌ಸ್ಟೆಲ್ ನದಿಯ ಏರಿಯ ಮೇಲೆ ನಡೆಯುತ್ತ ನಾಲ್ಕೇ ಗೆರೆಯಲ್ಲಿ ಒಂದು ರೈತನ ಮನೆ ನಿಲ್ಲಿಸಿದ. ಯಾಕೋಬ್ ವಾನ್ ರಯ್ಸ್‌ಡಾಲ್ ಬಟ್ಟೆ ಒಣಹಾಕಿದ ಬಯಲಿನ ಮೇಲೆ ಮುಕ್ಕಾಲು ಪಾಲು ಆಕಾಶವನ್ನೇ ಬಿಟ್ಟ.

ಇದನ್ನು ಕೊಂಡವರು ಯಾರು? ಅರಮನೆಯಲ್ಲ. ಮಾಲ್ಟು, ಬಟ್ಟೆ, ಹೆರಿಂಗ್ ಮೀನು ಮಾರಿ ಕಾಸು ಮಾಡಿದ ಊರಿನ ಜನ. ಅವರು ನೆಲಕ್ಕೂ ಬಂಡವಾಳ ಹಾಕಿದ್ದರು. ಬೇಮ್‌ಸ್ಟರ್ ಎಂಬ ದೊಡ್ಡ ಕೆರೆಯ ನೀರನ್ನು ನಲವತ್ತಕ್ಕೂ ಹೆಚ್ಚು ಗಾಳಿಗಿರಣಿಗಳಿಂದ ಎತ್ತಿ ಚೆಲ್ಲಿ, 1612ರಲ್ಲಿ ಒಣಗಿಸಿ, ಚೌಕಚೌಕವಾಗಿ ಅಳೆದು, ಪಾಲುದಾರರು ಹಂಚಿಕೊಂಡರು. ಏರಿ ಕಾಯುವ ಜಲಮಂಡಳಿಗಳು ಪ್ರತಿ ಜಮೀನಿನ ವಿಸ್ತೀರ್ಣದ ಮೇಲೆ ತೆರಿಗೆ ಹಾಕುತ್ತಿದ್ದವು. ಅಂದ ಮೇಲೆ ಎಲ್ಲರಿಗೂ ನಕ್ಷೆ ಬೇಕು. ನಕ್ಷೆ ಬರೆಯುವವನೂ ಚಿತ್ರ ಬರೆಯುವವನೂ ಒಂದೇ ಕಾಗದ, ಒಂದೇ ಮಸಿ, ಎಷ್ಟೋ ಸಲ ಒಂದೇ ಕೈ. ಆಮ್‌ಸ್ಟರ್‌ಡಾಮಿನ ಲಾರೆನ್ಸ್ ವಾನ್ ಡೆರ್ ಹೆಮ್ ಎಂಬ ವಕೀಲ ನಕ್ಷೆಗಳನ್ನೂ ಭೂದೃಶ್ಯಗಳನ್ನೂ ಒಟ್ಟಿಗೆ ಸೇರಿಸಿ ಕಟ್ಟಿಸಿದ ಐವತ್ತರಷ್ಟು ಸಂಪುಟಗಳು ಇಂದು ವಿಯೆನ್ನಾದಲ್ಲಿವೆ. ಎರಡನ್ನೂ ಬೇರೆ ಬೇರೆ ಕಪಾಟಿನಲ್ಲಿಡಬೇಕೆಂದು ಆತನಿಗೆ ಹೊಳೆಯಲೇ ಇಲ್ಲ. ಅದಕ್ಕೂ ಮುಂಚೆ, 1615ರಲ್ಲಿ, ಲೈಡನ್ನಿನ ವಿಲೆಬ್ರೋರ್ಡ್ ಸ್ನೆಲ್ಲಿಯಸ್ ಚರ್ಚಿನ ಗೋಪುರಗಳನ್ನೇ ನಿಶಾನಿಯಾಗಿ ಇಟ್ಟುಕೊಂಡು ತ್ರಿಕೋನದ ಮೇಲೆ ತ್ರಿಕೋನ ಹೆಣೆದು ದೇಶದ ಉದ್ದ ಅಳೆಯಲು ಹೊರಟ. ಚಿತ್ರಗಾರ ದಿಗಂತದಲ್ಲಿ ಬರೆದ ಗೋಪುರವೇ ಭೂಮಾಪಕನ ಠಾಣೆಯಾಯಿತು.

ವಾನ್ ಖೋಯೆನ್ ಬಗ್ಗೆ ಒಂದು ಮಾತು ಬಿಡಲಾರೆ. ಬದುಕಿಡೀ ನೆಲವನ್ನು ಬರೆದ ಆ ಮನುಷ್ಯ ನೆಲದ ವ್ಯಾಪಾರಕ್ಕೂ ಟ್ಯೂಲಿಪ್ ಗಡ್ಡೆಗಳ ಜೂಜಿಗೂ ಇಳಿದು, 1656ರಲ್ಲಿ ಸಾಯುವಾಗ ಸಾಲ ಬಿಟ್ಟುಹೋದ. ಕಾಫಿ ರೇಟು ಏರಿದ ವರ್ಷ ತೋಟ ಕೊಂಡು ಇಳಿದ ವರ್ಷ ತಲೆ ಮೇಲೆ ಕೈ ಹೊತ್ತವರನ್ನು ನೋಡಿದ ನಮ್ಮ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಫಿಯ ಮಾತು ಬಂತು ಎಂದು ಇನ್ನೊಂದು: ಆಮ್‌ಸ್ಟರ್‌ಡಾಮಿನ ಮೇಯರ್ ನಿಕೊಲಾಸ್ ವಿಟ್ಸೆನ್ ನಕ್ಷೆಗಳ ಹುಚ್ಚಿನವನು. 1690ರ ದಶಕದಲ್ಲಿ ಮಲಬಾರಿನಿಂದ ಜಾವಾಕ್ಕೆ ಕಾಫಿ ಗಿಡ ಸಾಗಿಸಿ ಎಂದು ಒತ್ತಾಯ ಮಾಡಿದವನೂ ಅವನೇ. ಜಗತ್ತಿನ ಮಾರುಕಟ್ಟೆಯಲ್ಲಿ ನಮ್ಮ ಬೀಜಕ್ಕೆ ಎದುರಾಳಿಯಾದ ಜಾವಾ ಕಾಫಿಯ ಬೇರು ನಮ್ಮ ಘಟ್ಟದ ಕೆಳಗಿನ ಕರಾವಳಿಯದು.

ನೆಲವನ್ನು ಬರೆಯುವ ಡಚ್ಚರ ಈ ಕಸುಬು ಇಂಗ್ಲೆಂಡಿಗೆ ಹೋಯಿತು. ಭೂದೃಶ್ಯಕ್ಕೆ ಇಂಗ್ಲಿಷರು ಬಳಸುವ ‘ಲ್ಯಾಂಡ್‌ಸ್ಕೇಪ್’ ಎಂಬ ಪದವೇ ಡಚ್ಚರ ಕಡ. ಪಾಲ್ ಸ್ಯಾಂಡ್‌ಬಿ ಸ್ಕಾಟ್ಲೆಂಡಿನ ಸೈನ್ಯದ ಸರ್ವೆಯಲ್ಲಿ ನಕ್ಷೆಗಾರನಾಗಿದ್ದು, 1768ರಿಂದ ವೂಲಿಚ್ ಸೈನಿಕ ಶಾಲೆಯಲ್ಲಿ ಚಿತ್ರಕಲೆಯ ಮುಖ್ಯ ಮೇಷ್ಟರಾದ. ಫಿರಂಗಿ ಇಡುವ ಹುಡುಗರಿಗೆ ಗುಡ್ಡ, ಕಣಿವೆ, ಹೊಳೆಯ ತಿರುವು ಬರೆಯಲು ಕಲಿಸಿದ. ಇತ್ತ ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ 1767ರಲ್ಲಿ ಜೇಮ್ಸ್ ರೆನೆಲ್‌ರನ್ನು ಬಂಗಾಳದ ಸರ್ವೇಯರ್ ಜನರಲ್ ಆಗಿ ನೇಮಿಸಿತು. ಅದನ್ನೇ ನಮ್ಮ ಮಾತೃಸಂಸ್ಥೆಯ ಜನ್ಮವರ್ಷವೆಂದು ಎಣಿಸುತ್ತೇವೆ.

ದಕ್ಷಿಣದ ಶಾಖೆಯ ಬೀಜ ಬಿದ್ದದ್ದು 1794ರಲ್ಲಿ. ಮೈಕೆಲ್ ಟಾಪಿಂಗ್‌ರ ಪ್ರಯತ್ನದಿಂದ ಮದರಾಸಿನ ವೀಕ್ಷಣಾಲಯದಲ್ಲಿ ಎಂಟು ಹುಡುಗರೊಂದಿಗೆ ಸರ್ವೆ ಶಾಲೆ ಆರಂಭವಾಯಿತು. ಸಿಪಾಯಿಗಳ ಅನಾಥ ಮಕ್ಕಳು ಅವರು. ಬಹುಮಂದಿಗೆ ತಂದೆ ಯುರೋಪಿನವನು, ತಾಯಿ ಈ ನೆಲದವಳು. ಎರಡೂ ಕಡೆ ಹೇಳಿಕೊಳ್ಳಲು ಮನೆಯಿಲ್ಲ. ಅನ್ನ, ಬಟ್ಟೆ ಕೊಟ್ಟು ಗಣಿತ, ನಕ್ಷೆ ಕಲಿಸಿದರೆ ಕಡಿಮೆ ಸಂಬಳಕ್ಕೆ ಕೈಗಳು ಸಿಗುತ್ತವೆ ಎಂಬುದು ಕಂಪನಿಯ ಲೆಕ್ಕ. ಹುಡುಗರ ಕೈ ಮಾತ್ರ ಆ ಲೆಕ್ಕವನ್ನು ಮೀರಿತು. ಅದೇ ಶಾಲೆ ಬೆಳೆದು ಗಿಂಡಿ ಎಂಜಿನಿಯರಿಂಗ್ ಕಾಲೇಜಾಯಿತು. ನಮ್ಮ ವಂಶಾವಳಿಯಲ್ಲಿ ಮೊದಲ ಸಾಲಿನಲ್ಲಿ ಕೂರಿಸಬೇಕಾದವರು ಆ ಎಂಟು ಹುಡುಗರೆಂಬುದು ನನ್ನ ದೃಢವಾದ ಅಭಿಪ್ರಾಯ. ದೊಡ್ಡ ಹೆಸರಿನವರ ಪಟ ಹೇಗೂ ಎಲ್ಲ ಕಚೇರಿಯಲ್ಲೂ ಇದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿಯವರಿಗೆ ಮೈಸೂರು ಸೀಮೆಯ ಸರ್ವೆ ಒಪ್ಪಿಸಲಾಯಿತು. ಸುಮಾರು 40,000 ಚದರ ಮೈಲಿ. ಕೈಯಲ್ಲಿ ಬೆರಳೆಣಿಕೆಯ ಸಹಾಯಕರು, ಜೊತೆಗೆ ಆ ಮದರಾಸು ಶಾಲೆಯ ಹುಡುಗರು. ಕೆಲಸ ಶುರುವಾಗಿ ಎರಡು ವರ್ಷ ತುಂಬುವ ಮುನ್ನವೇ ಲಂಡನ್ನಿನ ನಿರ್ದೇಶಕರು ಖರ್ಚು ಜಾಸ್ತಿಯೆಂದು ಭತ್ಯೆ ಕಡಿದರು. ಸರ್ವೆ ಇಲಾಖೆಗೆ ಹಣ ಕೊಡುವಾಗ ಸರ್ಕಾರದ ಕೈ ಬಿಗಿಯಾಗುವುದು ಹೊಸ ರೋಗವಲ್ಲ! ಮಲೆನಾಡಿನ ಚಳಿಜ್ವರ ಒಬ್ಬೊಬ್ಬರನ್ನಾಗಿ ಮಲಗಿಸಿತು. ಆದರೂ ಮೆಕೆಂಜಿಯವರು ಬಿಡಲಿಲ್ಲ. ನೆಲ ಅಳೆಯುವ ಜೊತೆಗೆ ಊರೂರಿನ ಕೈಫಿಯತ್ತು, ಶಾಸನ, ಗುಡಿಯ ಚಿತ್ರ ಎಲ್ಲವನ್ನೂ ಕೂಡಿಹಾಕಿದರು. ಅವರ ಸಂಗ್ರಹದಲ್ಲಿ ಸಾವಿರಕ್ಕೂ ಮಿಕ್ಕಿ ಚಿತ್ರಗಳಿವೆ. ಈ ದುಡಿಮೆಯ ಹಿಂದೆ ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಸೋದರರೂ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರೂ ಇದ್ದರು. 1803ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಬೊರಯ್ಯನವರಿಗೆ ಮೆಕೆಂಜಿ ಸ್ಮಾರಕ ನಿಲ್ಲಿಸಿದರು. 1816ರಲ್ಲಿ ಥಾಮಸ್ ಹಿಕ್ಕಿ ಬರೆದ ಮೆಕೆಂಜಿಯವರ ಚಿತ್ರಪಟದಲ್ಲಿ ಧರ್ಮಯ್ಯನವರೂ ನಿಂತಿದ್ದಾರೆ, ಹಿಂದೆ ಬೆಟ್ಟದ ಮೇಲೆ ಗೊಮ್ಮಟ. ಇದೇ ತಂಡದ ಜಾನ್ ವಾರೆನ್ 1802ರಲ್ಲಿ ಗಡಿ ಗುರುತಿಸಲು ಹೋಗಿ ಕೋಲಾರದ ಚಿನ್ನದ ಸುದ್ದಿ ತಂದರು. ನಮಗೆ ಗಡಿ ಗುರುತಿಸಲು ಹೋದಾಗ ಸಿಕ್ಕಿದ್ದು ಜಿಗಣೆ ಮಾತ್ರ.

ಡಚ್ಚರ ಎಳೆ ಇಲ್ಲಿಯೂ ಸಿಗುತ್ತದೆ. 1811ರಲ್ಲಿ ಜಾವಾ ದಂಡಯಾತ್ರೆಗೆ ಹೋದ ಮೆಕೆಂಜಿ ಬಟಾವಿಯಾದ ಡಚ್ ದಫ್ತರಗಳ ಧೂಳು ಕೊಡವಿ ಅಲ್ಲಿಯ ಕಾಗದಪತ್ರ, ನಕ್ಷೆಗಳನ್ನು ಜಾಲಾಡಿದರು. ಅಲ್ಲಿಯೇ ಸಿಂಹಳದ ಡಚ್ ಮನೆತನದ ಹೆಣ್ಣುಮಗಳನ್ನು ಮದುವೆಯೂ ಆದರು. 1815ರಲ್ಲಿ ಅವರು ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದರು.

ಚರಿತ್ರೆ ಬರೆಯುವಾಗ ಒಂದು ಕಹಿಯನ್ನು ನುಂಗಿ ಮುಂದೆ ಹೋಗಬಾರದು. ನಮ್ಮ ಗುಡ್ಡಗಳ ಮೊದಲ ನಕ್ಷೆ ನಮಗಾಗಿ ಬರೆದದ್ದಲ್ಲ. ಟಿಪ್ಪು ಸುಲ್ತಾನರು 1792ರಲ್ಲಿ ಮುಗಿಸಿದ ಎಂಟು ಮೂಲೆಯ ಮಂಜರಾಬಾದ್ ಕೋಟೆ, ಫಿರಂಗಿ ಗುಂಡಿಗೆ ಎದುರಾಗಿ ಯುರೋಪಿನ ರೇಖಾಗಣಿತ ಹುಟ್ಟಿಸಿದ ಆಕಾರ. ಸಮುದ್ರಮಟ್ಟದಿಂದ 988 ಮೀಟರ್ ಎತ್ತರದಲ್ಲಿ ಅದು ಘಟ್ಟದ ದಾರಿ ಕಾಯುತ್ತಿತ್ತು. ಟಿಪ್ಪುವಿನ ನಂತರ ಬಲಂ ಸೀಮೆಯ ಐಗೂರು ಪಾಳೆಯಗಾರರು ಕಂಪನಿಗೆ ತಲೆಬಾಗಲಿಲ್ಲ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಅರಕೆರೆಯ ಕಾಡುಕೋಟೆಯನ್ನು ಹಿಡಿಯಿತು. ಮರುತಿಂಗಳು ಪಾಳೆಯಗಾರರನ್ನು ಗಲ್ಲಿಗೇರಿಸಲಾಯಿತು. ಕಾಡು ಕಡಿದು ದಾರಿ ಮಾಡಿದರು. ಕಾಡಿನಲ್ಲಿ ಅಡಗಿದವನಿಗೆ ನಕ್ಷೆ ಶತ್ರು. ಅದೇ ದಶಕದಲ್ಲಿ ಲ್ಯಾಂಬ್ಟನ್ನರು ಮದರಾಸಿನಿಂದ ಮಂಗಳೂರಿನವರೆಗೆ ಘಟ್ಟ ದಾಟಿ ತ್ರಿಕೋನ ಹೆಣೆದು, ನಾಡಿನ ಅಗಲ ಹಳೆಯ ನಕ್ಷೆಗಳು ಹೇಳಿದ 400 ಮೈಲಿಯಲ್ಲ, ಸುಮಾರು 360 ಎಂದು ತೋರಿಸಿದರು. ಕಂಪನಿ ಗೆದ್ದ ನಾಡು ನಲವತ್ತು ಮೈಲಿ ಕುಗ್ಗಿತೆಂದು ಕೆಲವರಿಗೆ ಬೇಸರವಾಯಿತಂತೆ.

ಇದುವರೆಗಿನದು ಸೈನ್ಯದ ಸರ್ವೆ. ರೈತನ ಮನೆಬಾಗಿಲಿಗೆ ಬಂದ ಸರ್ವೆ 1863ರದು. ಕಮಿಷನರ್ ಬೌರಿಂಗ್‌ರ ಆಡಳಿತದಲ್ಲಿ, ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ರೂಪಿಸಿದ್ದ ಮುಂಬಯಿ ಪದ್ಧತಿಯನ್ನು ಅನುಸರಿಸಿ ಮೈಸೂರು ಕಂದಾಯ ಸರ್ವೆ ಆರಂಭವಾಯಿತು. 33 ಅಡಿ ಸರಪಳಿ, ಅದಕ್ಕೆ ಹದಿನಾರು ಆಣೆ. ಒಂದು ಸರಪಳಿ ಚೌಕ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಬಾಂದುಕಲ್ಲು, ಖರಾಬು, ಹಿಸ್ಸಾ, ಪೋಡಿ: ನಮ್ಮ ಜಗಳಗಳ ಶಬ್ದಕೋಶವೆಲ್ಲ ಆಗ ಹುಟ್ಟಿದ್ದು ಅಥವಾ ಆಗ ನೆಲೆಯಾದದ್ದು. ಕಾಫಿಗೆ ಮೊದಲು ಬೆಳೆದ ಮಣದ ಮೇಲೆ ಹಾಲತ್ ಎಂಬ ಸುಂಕವಿತ್ತು. ಅದು ಹೋಗಿ ಎಕರೆ ಲೆಕ್ಕದ ಕಂದಾಯ ಬಂದಾಗ, ಹಾಲೆಂಡಿನ ಜಲಮಂಡಳಿಗೆ ಬೇಕಾದಂತೆಯೇ ಇಲ್ಲಿಯೂ ಪ್ರತಿ ತೋಟಕ್ಕೆ ನಕ್ಷೆ ಬೇಕಾಯಿತು. ಬಯಲುಸೀಮೆಯಲ್ಲಿ ಸರಪಳಿ ಎಳೆಯುವುದು ಒಂದು ಬಗೆ. ಹಡ್ಲುಗದ್ದೆಯ ಕೆಸರಿನಿಂದ ಕಾನಿನ ಒಳಗೆ, ಅಲ್ಲಿಂದ ಅರವತ್ತು ಅಡಿ ಕಡಿದಾದ ಹಳ್ಳಕ್ಕೆ ಸರಪಳಿ ಇಳಿಸಿ, ಅದನ್ನು ಮಟ್ಟವಾಗಿ ಹಿಡಿದು ನಿಲ್ಲುವುದು ಬೇರೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತು ಮಾರು ಆಚೆ ನಿಂತವನ ಬಾವುಟ ಕಾಣುವುದಿಲ್ಲ. ಡಿಸೆಂಬರಿನಲ್ಲಿಯೂ ಬೆಳಗಿನ ಹತ್ತು ಗಂಟೆಯವರೆಗೆ ಮಂಜು ಅನುಮತಿ ಕೊಡಬೇಕು.

ಆ ಕಾಲದ ಟಿಪ್ಪಣಿ ಪುಸ್ತಕಗಳನ್ನು ನೋಡಿದ ಅದೃಷ್ಟ ನನ್ನದು. ಅಳತೆಯ ಗೆರೆಯ ಪಕ್ಕದಲ್ಲಿ ಒಂದು ಪುಟ್ಟ ಮಾವಿನ ಮರ, ಬಾವಿ, ಮುರಿದ ಮಂಟಪ, ಬನದ ಕಲ್ಲು, ಹಳ್ಳ ದಾಟುವ ಸಂಕ. ನಿಯಮ ಕೇಳಿದ್ದು ಗುರುತಿಗೆ ಒಂದು ಚಿಹ್ನೆ ಮಾತ್ರ. ಬರೆದವನ ಕೈ ಸುಮ್ಮನಿರದೆ ಮರಕ್ಕೆ ಕೊಂಬೆ ಕೊಟ್ಟಿದೆ, ಕೊಂಬೆಗೆ ಬಾಗು ಕೊಟ್ಟಿದೆ. ಗೋಲ್ಟ್ಸಿಯಸ್ ಹೆಸರನ್ನು ಆತ ಕೇಳಿರಲಿಕ್ಕಿಲ್ಲ. ದಿಬ್ಬದ ಮೇಲೆ ಕುಳಿತು ಕಂಡದ್ದನ್ನು ಕಂಡಂತೆ ಬರೆಯುವ ಆಸೆಗೆ ಹೆಸರು ಗೊತ್ತಿರಬೇಕಿಲ್ಲ.

ಸ್ವಾತಂತ್ರ್ಯದ ನಂತರದ ಬೆಳವಣಿಗೆಯನ್ನು ನಮ್ಮಲ್ಲಿ ಬಹಳ ಮಂದಿ ಕಣ್ಣಾರೆ ಕಂಡಿದ್ದಾರೆ. ಇಂಚು ಹೋಗಿ ಸೆಂಟಿಮೀಟರ್ ಬಂತು. ಹಾಳೆಗಳು 1:50,000 ಪ್ರಮಾಣಕ್ಕೆ, ಸೆಂಟಿಮೀಟರಿಗೆ ಅರ್ಧ ಕಿಲೋಮೀಟರಿನಂತೆ, ಹೊಸದಾಗಿ ಸಿದ್ಧವಾದವು. ಪ್ಲೇನ್ ಟೇಬಲ್ ಹೊತ್ತು ಗುಡ್ಡ ಏರಿದವರು, ವಿಮಾನದ ಛಾಯಾಚಿತ್ರಗಳ ಜೋಡಿಯಲ್ಲಿ ಗುಡ್ಡ ಎದ್ದು ನಿಲ್ಲುವುದನ್ನು ಮೊದಲ ಬಾರಿ ಕಂಡು ಬೆರಗಾದವರು ಇಲ್ಲಿದ್ದಾರೆ. ಹಾಸನ–ಮಂಗಳೂರು ರೈಲುಮಾರ್ಗ 1979ರಲ್ಲಿ ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ 55 ಕಿಲೋಮೀಟರಿನಲ್ಲಿ 57 ಸುರಂಗ, 109 ಸೇತುವೆ. ಎರಡು ಕಡೆಯಿಂದ ಕೊರೆದ ಸುರಂಗ ನಡುವೆ ಕೂಡಿದಾಗ ಊರು ಎಂಜಿನಿಯರುಗಳಿಗೆ ಹಾರ ಹಾಕಿತು, ಹಾಕಬೇಕಾದದ್ದೇ. ಅದಕ್ಕೆ ವರ್ಷಗಳ ಮುಂಚೆ ಆ ಕಾಡಿನಲ್ಲಿ ಮಟ್ಟದ ಕೋಲು ಹಿಡಿದು ನಿಂತವರನ್ನು ನಾವು ಇಂದು ನೆನೆಯುತ್ತೇವೆ.

ಗೊರೂರಿನ ಹೇಮಾವತಿ ಅಣೆಕಟ್ಟೂ ಆ ವರ್ಷವೇ ಪೂರ್ಣವಾಯಿತು. ಅದರ ತುಂಬುಮಟ್ಟ 2922 ಅಡಿ. ನಕ್ಷೆಯಲ್ಲಿ ಅದು ಒಂದು ಗೆರೆ. ಗೆರೆಯ ಕೆಳಗಿನ ಗದ್ದೆ, ಮನೆ, ಗುಡಿ, ಶೆಟ್ಟಿಹಳ್ಳಿಯ ಚರ್ಚು ನೀರಿನ ಪಾಲು; ಮೇಲಿನದು ಉಳಿಯಿತು. ಆ ಗೆರೆಯನ್ನು ಊರೊಳಗೆ ಗೂಟ ನೆಟ್ಟು ಗುರುತಿಸಿದವರು ನಮ್ಮವರೇ. ಆಲೂರು ಕಡೆಯ ಒಂದು ಹಳ್ಳಿಯಲ್ಲಿ ಗೂಟ ಒಂದು ಮನೆಯ ಅಂಗಳದ ನಡುವೆ ಬಿದ್ದಿತು. ಮನೆಯ ಅಜ್ಜಿ ಕೋಲು ಹಿಡಿದವನಿಗೆ ಮಜ್ಜಿಗೆ ಕೊಟ್ಟು, “ಒಂದಿಷ್ಟು ಕೆಳಗೆ ನೆಡಪ್ಪ, ನಿನಗೇನು ನಷ್ಟ” ಎಂದು ಕೇಳಿದರಂತೆ. ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನು ಹೇಳುವಾಗಲೆಲ್ಲ ಮಾತು ಅಲ್ಲಿಗೇ ನಿಲ್ಲಿಸುತ್ತಿದ್ದರು. ನೀರು ತೋಟಗಳನ್ನೂ ಊರುಗಳನ್ನೂ ಪೊರೆದದ್ದು ನಿಜ. ಆ ಅಜ್ಜಿಯ ಅಂಗಳ ಹೋದದ್ದೂ ನಿಜ. ಬೇಮ್‌ಸ್ಟರಿನವರು ನೀರು ತೆಗೆದು ನೆಲ ಮಾಡಿದರು, ನಾವು ನೆಲ ಕೊಟ್ಟು ನೀರು ನಿಲ್ಲಿಸಿದೆವು. ಎರಡಕ್ಕೂ ನಕ್ಷೆಗಾರ ಬೇಕಾಯಿತು.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಪಹಣಿಗಳು ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿದವು. 2005ರ ರಾಷ್ಟ್ರೀಯ ನಕ್ಷಾ ನೀತಿ ಜನಸಾಮಾನ್ಯರಿಗೆ ಪ್ರತ್ಯೇಕ ಹಾಳೆಗಳ ಸರಣಿ ಕೊಟ್ಟಿತು. 2021ರಲ್ಲಿ ನಿರ್ಬಂಧಗಳು ಇನ್ನಷ್ಟು ಸಡಿಲವಾದವು. ಈಗ ಮೊಬೈಲಿನಲ್ಲಿ ‘ದಿಶಾಂಕ್’ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತಾನಾಗಿ ಬರುತ್ತದೆ. ಡ್ರೋನ್ ಒಂದು ಬೆಳಗ್ಗೆ ಅಳೆಯುವ ಊರನ್ನು ನಾವು ಒಂದು ಬೇಸಗೆಯಲ್ಲಿ ಅಳೆದಿದ್ದೆವು. ಹೊಸ ತಲೆಮಾರಿನ ಸರ್ವೆಯರ್‌ಗಳು, ಅವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆಂಬುದು ಸಂತೋಷ, ನಮ್ಮ ಕಾಲದ ನಿಬ್ಬುಗಳನ್ನು ನೋಡಿ ನಗುತ್ತಾರೆ. ನಗಲಿ. ಆದರೂ ಬಾಂದುಕಲ್ಲು ಕಿತ್ತುಹೋಗಿ ಅಣ್ಣತಮ್ಮಂದಿರು ಕತ್ತಿ ಹಿಡಿದು ನಿಂತಾಗ, ಅವರೂ ಕೊನೆಗೆ ಬಿಚ್ಚುವುದು ಆ ಹಳೆಯ ಟಿಪ್ಪಣಿಯನ್ನೇ. ಅದರಲ್ಲಿ ಕೊಂಬೆ ಬಾಗಿದ ಆ ಮಾವಿನ ಮರವನ್ನೇ ಹುಡುಕುತ್ತಾರೆ.

ನಕ್ಷೆಯ ಹಾಳೆಯ ಅಂಚಿನಲ್ಲಿ ಸರ್ವೆ ನಡೆದ ವರ್ಷ, ಮುದ್ರಣದ ವರ್ಷ, ಅಧಿಕಾರಿಗಳ ಹೆಸರು ಇರುತ್ತವೆ. ಪೆಟ್ಟಿಗೆ ಹೊತ್ತ, ಗಿಡ ಸವರಿದ, ಬಾವುಟ ಹಿಡಿದ ಖಲಾಸಿಯ ಹೆಸರಿಗೆ ಅಲ್ಲಿ ಜಾಗವಿಲ್ಲ. ಈ ಸಂಚಿಕೆಯ ಕೊನೆಯ ನಾಲ್ಕು ಪುಟಗಳನ್ನು ಅದಕ್ಕಾಗಿ ಖಾಲಿ ಬಿಟ್ಟಿದ್ದೇವೆ. ಸಭೆಯ ದಿನ ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಪ್ರತಿ ತೆರೆದಿರುತ್ತದೆ, ಪಕ್ಕದಲ್ಲಿ ಕಪ್ಪು ಮಸಿಯ ದವತಿ ಮತ್ತು ನನ್ನ ಹಳೆಯ ಪೆನ್ನು ಇರುತ್ತವೆ. ನಿಮ್ಮ ಮನೆಯ ಹಿರಿಯರ ಹೆಸರು, ಅವರು ಹತ್ತಿದ ಗುಡ್ಡದ ಹೆಸರು, ನೆನಪಿದ್ದರೆ ಇಸವಿ, ಇಷ್ಟನ್ನು ಬರೆಯಿರಿ. ಮಸಿ ಒಣಗುವವರೆಗೆ ಪುಟ ಮಡಚಬೇಡಿ.